ಕಲಂ ಹದಿನಾಲ್ಕು

ವಾಂಡೀ, ಹೋದ ತಿಂಗಳು ಸಂಸತ್ತು ಕೈಯೆತ್ತಿ ಒಪ್ಪಿತು:
ರೋಗ ಬರುವ ಮುಂಚೆಯೇ ಬಾಗಿಲಲ್ಲಿ ನಿಲ್ಲಲು
ದೇಶಕ್ಕೊಂದು ಕಚೇರಿ.
ಫ್ರೀಟೌನಿನ ಗುಡ್ಡದ ಮೇಲೆ ಹಳೇ ಗೋದಾಮು, ಹೊಸ ಸುಣ್ಣ,
ಫಲಕದ ಬಣ್ಣ ಇನ್ನೂ ಹಸಿ.
ಮುಟ್ಟಿ ನೋಡಿದೆ. ಬೆರಳಿಗೆ ನೀಲಿ ಹತ್ತಿತು.
ಮುಟ್ಟಿದ್ದಕ್ಕೆ ಯಾರೂ ಗದರಲಿಲ್ಲ.

ಜಿಲ್ಲೆಗಳಿಗೆ ಕಳಿಸಲು ಕಾಯಿದೆಯ ಪ್ರತಿ ಟೈಪು ಮಾಡುವವಳು ನಾನು.
ಅರವತ್ತೊಂದು ಪುಟ. ಮಾಡತಕ್ಕದ್ದು, ನೀಡತಕ್ಕದ್ದು,
ವರದಿ ಒಪ್ಪಿಸತಕ್ಕದ್ದು.
ಕಲಂ ಹದಿನಾಲ್ಕು ಬಂತು:
‘ಮಾದರಿಗಳ ಸಾಗಾಟಕ್ಕೆ ಸುರಕ್ಷಿತ ವ್ಯವಸ್ಥೆ ಇರತಕ್ಕದ್ದು.’
ಅಷ್ಟೇ.
ಅದರಲ್ಲಿ ಕೈಲಾಹುನ್ ಇಲ್ಲ, ಪೆಂಡೆಂಬು ಇಲ್ಲ,
ಡಾರುವಿನ ಹತ್ತಿರ ಮೋವಾ ಹೊಳೆ ಇಲ್ಲ,
ಮೀನಿನ ಐಸ್ ಡಬ್ಬಿಯಲ್ಲಿ ಯಾರದೋ ರಕ್ತ ಬಿಗಿದುಕೊಂಡು
ಸೊಂಟದ ತನಕ ಕೆಂಪು ಕೆಸರಾಗಿ
ಕೆನೆಮಾದ ಪ್ರಯೋಗಾಲಯಕ್ಕೆ ಹೊರಟ ನಿನ್ನ ಬಾಡಿಗೆ ಬೈಕು ಇಲ್ಲ.
ಇಷ್ಟೊಂದು ತಕ್ಕದ್ದುಗಳಲ್ಲಿ
ನಿನಗೆ ತಕ್ಕದ್ದು ಒಂದೂ ಇಲ್ಲ.

ಸಾಗಾಟವೆಂದರೆ ಏನೆಂದು ನನ್ನ ಕೇಳಬೇಕಿತ್ತು.
ಪೆಟ್ರೋಲು ಸಾಲದ್ದು. ಪಾತ್ರೆ ತೊಳೆಯುವ ರಬ್ಬರ್ ಗವಸು, ಒಂದೇ ಜೊತೆ.
ರಾತ್ರಿ ಕ್ಲೋರಿನ್ನಿನಲ್ಲಿ ಅದ್ದಿ ಬೇಲಿಗೆ ನೀನು ಸಿಕ್ಕಿಸಿದರೆ
ಬೆಳಗ್ಗೆ ಗಾಳಿ ತುಂಬಿ
ಯಾರನ್ನೋ ಕರೆಯುವ ಹಾಗೆ ಬೆರಳಾಡಿಸುತ್ತಿದ್ದವು.
ಒಳಗೆ ಬಾ ಅಂದರೆ ಬರುತ್ತಿರಲಿಲ್ಲ ನೀನು.
ಮಾವಿನ ಬುಡದಲ್ಲೇ ಕೆಸವಿನೆಲೆ ಸಾರು ಅನ್ನ ಉಂಡು
“ತಟ್ಟೆ ನಾನೇ ತೊಳೀತೀನಿ ಬೈಂಡು ಅಕ್ಕಾ, ದೂರ ನಿಲ್ಲು.”

ನಿಂತೆ.
ಇಪ್ಪತ್ತೊಂದು ದಿನ ಎಣಿಸಲೆಂದು ಕದದ ಮೇಲೆ ಇದ್ದಿಲ ಗೆರೆ.
ನಿನ್ನವು ಒಂಬತ್ತಕ್ಕೇ ನಿಂತವು.
ಆ ಕದಕ್ಕೆ ಇವತ್ತಿಗೂ ಬಣ್ಣ ಬಳಿಸಿಲ್ಲ.

ಹದಿನಾಲ್ಕರ ಕೆಳಗೆ ನಿನ್ನ ಹೆಸರು ಟೈಪು ಮಾಡಿಬಿಟ್ಟಿದ್ದೆ.
ನಿರ್ದೇಶಕಿ ಯಾಟ್ಟಾ ಕ್ಪಾಕಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ,
“ಕಾಯಿದೆ ತಿದ್ದುವ ಹಾಗಿಲ್ಲ, ತಾಯಿ,” ಅಂದರು.
ಹೊರಟವರು ತಿರುಗಿ ಬಂದು
“ಖರೀದಿ ಪಟ್ಟಿಯನ್ನು ಮಾತ್ರ ನೀನೇ ಬರಿ.”

ಬರೆದೆ. ಗವಸು, ಸವಾರನಿಗೆ ಹತ್ತು ಜೊತೆ.
ಮೊಣಕಾಲು ಮುಚ್ಚುವ ಬೂಟು. ಮುಚ್ಚಳ ಕೂರುವ ಡಬ್ಬಿ.
ಪೆಟ್ರೋಲಿಗೆ ಮುಂಗಡ (ಮುಂಗಡದ ಕೆಳಗೆ ಎರಡು ಗೆರೆ).
ಲೆಕ್ಕದವನು ಹತ್ತನ್ನು ಆರು ಮಾಡಿದ.
ನಾನು ಆರನ್ನು ಹತ್ತು ಮಾಡಿದೆ.

ಇವತ್ತು ಸಂಜೆ ಕೊಯಿಂಡುವಿನಿಂದ ಫೋನು.
ಎಳೇ ದನಿ: “ಮಾದರಿ ತಗೊಂಡೆ, ಹೊರಡ್ತಿದೀನಿ.”
“ಗವಸು ಇದೆಯೇನಪ್ಪಾ?”
“ಇದೆ ಅಕ್ಕಾ.”
“ಇನ್ನೊಂದು ಜೊತೆ?”
ಉತ್ತರ ಸರಿಯಾಗಿ ಕೇಳಲಿಲ್ಲ.
ಬೈಕು ಶುರುವಾಗಿತ್ತು.