ಮೂವತ್ತೆಂಟನೇ ವಾರ, ಡ್ರಮ್ ಟೆಸ್ಟ್

ಸೀಟು ಹಿಂದೆ ಸರಿಸಿದರೆ ಕ್ಲಚ್ಚಿಗೆ ಕಾಲು ಎಟುಕದು,
ಮುಂದೆ ಎಳೆದರೆ ಸ್ಟೇರಿಂಗಿಗೆ ಹೊಟ್ಟೆ.
ನಡುವೆ ಎಲ್ಲೋ ಎರಡು ಬೆರಳಿನ ಜಾಗ,
ಅಲ್ಲಿ ಕೂತು ಕಲಿಯುತ್ತಿದ್ದೇನೆ
ಹಿಂದಕ್ಕೆ ಹೋಗುವುದನ್ನು.

ಸೊಹಾರಿನಲ್ಲಿ ಅಕ್ಟೋಬರಿನ ಬೆಳಗೂ ಕಾದ ಬಾಣಲೆ.
ಮೈದಾನದ ತುಂಬ ಹಳದಿ ಬಳಿದ ಡ್ರಮ್ಮುಗಳು,
ಎಲ್ಲ ಒಂದಲ್ಲ ಒಂದು ಸಲ ಗುದ್ದಿಸಿಕೊಂಡವೇ.
ಮೂಲೆಯದರ ನೆಗ್ಗು ನನ್ನದು, ಜುಲೈ ತಿಂಗಳದ್ದು.
ಶ್ವಯ್ ಶ್ವಯ್, ಅನ್ನುತ್ತಾಳೆ ತುರಯ್ಯಾ ಟೀಚರು,
ನಿಧಾನ, ನಿಧಾನ.
ಇನ್ನೆಷ್ಟು ನಿಧಾನ ಮಾರಾಯ್ತಿ,
ಚಪ್ಪಲಿ ಹುಡುಕಲಿಕ್ಕೇ ಈಗ ನನಗೆ ಐದು ನಿಮಿಷ.

ಗಂಗೊಳ್ಳಿಯಿಂದ ಫೋನಿನಲ್ಲಿ ಅತ್ತೆ:
"ಹೆಣೆ, ಬಯ್ಕಿ ಎಂತ ನಿಂಗೆ? ನಾಚ್ಕಿ ಬ್ಯಾಡ, ಹೇಳ್."
ಉಪ್ಪಿನಲ್ಲಿ ಹಾಕಿದ ಮಿಡಿ, ಕಾಣೆ ಮೀನು, ಹುರಿದ ಹುಣಸೆ ಬೀಜ,
ಯಾರ ಕೈಯಲ್ಲಾದರೂ ಕಳಿಸುತ್ತಾರಂತೆ.
ನನ್ನ ಬಯಕೆ ಅಂಗಡಿ ರಸೀದಿಯ ಬೆನ್ನ ಮೇಲಿದೆ,
ಐದನೇ ತಿಂಗಳಲ್ಲಿ ನಿದ್ದೆ ಬಾರದೆ ಗೀಚಿದ್ದು.
ಮುಂಬದಿಯ ಅಕ್ಕಿ, ಈರುಳ್ಳಿ, ಸೋಪಿನ ದರ
ಮಾಸಿ ಬಿಳಿಯಾಗಿ ಹೋಗಿದೆ.
ಬಾಲ್‌ಪೆನ್ನಿನದು ಮಾತ್ರ ಹಾಗೇ ಇದೆ:

ಲೈಸೆನ್ಸು.
ಸಮುದ್ರದಲ್ಲಿ ತೇಲುವುದು.
ಒಂದು ಇಡೀ ದಿನ ಯಾರಿಗೂ ಅಡುಗೆ ಮಾಡದಿರುವುದು.
ಗುಡ್ಡದ ಬುಡದಲ್ಲಿ ಫಲಜಿನ ನೀರು ಎಲ್ಲಿ ಹುಟ್ಟುತ್ತದೆ ನೋಡುವುದು.
ಲೆಕ್ಕದ ಮೇಷ್ಟ್ರಿಗೆ ಒಂದು ಕಾಗದ
(ಏನು ಬರೆಯುವುದೋ ಗೊತ್ತಿಲ್ಲ).
ಆರನೆಯದನ್ನು ನಾನೇ ಹೊಡೆದು ಹಾಕಿದ್ದೇನೆ,
ಕಾಗದ ಹರಿಯುವಷ್ಟು. ಅದನ್ನು ಹೇಳುವುದಿಲ್ಲ.

"ಖಾರ್ವಿ ಮನೆ ಹೆಣ್ಣಿಗೆ ತೇಲಲು ಬಾರದೇ?"
ನಕ್ಕರು ಸುಬ್ರಾಯರು.
ಗಂಡಸರು ನೀರಿಗೆ ಹೋದರು, ನಾವು ಬುಟ್ಟಿ ಹಿಡಿದು ನಿಂತೆವು.
ನನ್ನಮ್ಮನ ಸೀರೆ ಐವತ್ತು ವರ್ಷದಲ್ಲಿ
ಮೊಣಕಾಲಿನ ಮೇಲೆ ಒದ್ದೆಯಾದದ್ದು ಮಳೆಗೆ ಮಾತ್ರ.

ಹೋದ ಗುರುವಾರ ರಾತ್ರಿ, ಇಶಾ ನಮಾಜು ಮುಗಿದ ಮೇಲೆ,
ಕತ್ತಿನ ಕೆಳಗೆ ಭಟ್ಕಳದ ರುಖಿಯಾಳ ಅಂಗೈ.
ಚೂಡಿದಾರದೊಳಗೆ ಗಾಳಿ ಉಬ್ಬಿತು, ಕಿವಿ ಮುಳುಗಿತು,
ಬಂದರಿನ ಕ್ರೇನುಗಳ ದೀಪ ತಲೆಕೆಳಗಾಯಿತು.
ಅಂಗೈ ಯಾವಾಗ ತೆಗೆದಳೋ.
ನೀರ ಮೇಲೆ ಹೊಟ್ಟೆಯೊಂದೇ, ಮಗುಚಿದ ದೋಣಿ.
ನಮ್ಮಲ್ಲಿ ಆ ಮಾತು ಆಡಬಾರದು.
ಆದರೆ ಮಳೆಗಾಲಕ್ಕೆ ದಡದಲ್ಲಿ ಮಗುಚಿಡುತ್ತಾರಲ್ಲ,
ಎಣ್ಣೆ ಬಳಿದು, ತೆಂಗಿನ ಗರಿ ಹೊದಿಸಿ,
ಅಂಥ ದೋಣಿ.
ಒಳಗಿನದು ಒದೆಯುವುದು ಬಿಟ್ಟು ಸುಮ್ಮನಾಯಿತು.
ಒಂಬತ್ತು ತಿಂಗಳಿಂದ ತೇಲುತ್ತಿರುವ ಜೀವಕ್ಕೆ
ಇದರಲ್ಲೇನು ವಿಶೇಷ.

"ಇದೆಲ್ಲ ಆಮೇಲೆ ಮಾಡಬಹುದಿತ್ತಪ್ಪ,"
ನೈಟ್ ಶಿಫ್ಟಿನ ಕೆಂಪು ಕಣ್ಣು ಉಜ್ಜುತ್ತ ಅವರು.
ಆಮೇಲೆ.
ಅಮ್ಮನ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಇನ್ನೂ ಇದೆ
ಟೈಪಿಂಗ್ ಕ್ಲಾಸಿನ ಫೀಸಿನ ಚೀಟಿ,
ಒಂದೇ ತಿಂಗಳದ್ದು.

ಇವತ್ತು ಪರೀಕ್ಷೆ.
ಪೊಲೀಸಿನವಳು ಕಾರ್ಡು ನೋಡಿದಳು, ಹೊಟ್ಟೆ ನೋಡಿದಳು.
ಯಾವಾಗ?
"ಹನ್ನೆರಡು ದಿನ, ಇನ್‌ಶಾ ಅಲ್ಲಾ," ಅಂದುಬಿಟ್ಟೆ,
ಆರು ವರ್ಷದ ಈ ಊರು ನಾಲಗೆಗೂ ಹತ್ತಿದೆ.
ರಿವರ್ಸ್ ಹಾಕಿದೆ.
ಅರ್ಧದಲ್ಲಿ ಸೊಂಟದಿಂದ ಹೊರಟು ಬಿಗಿಯಿತು,
ಸುಳ್ಳು ನೋವೋ ನಿಜದ್ದೋ,
ಬ್ರೇಕು ಹಿಡಿದು ಕಾದೆ, ಹತ್ತರವರೆಗೆ ಎಣಿಸಿ.
ಕನ್ನಡಿಯಲ್ಲಿ ಹಳದಿ ಡ್ರಮ್ಮು ಅಲುಗದೆ ಕಾಯಿತು.
ಆಮೇಲೆ ಒಂದು ಗೇಣು ಎಡಕ್ಕೆ,
ಎರಡು ಗೇಣು ಹಿಂದಕ್ಕೆ.
ಎಲ್ಲೂ ಸದ್ದಿಲ್ಲ.

ಪಾಸು, ಡ್ರಮ್ಮು ಮಾತ್ರ.
ಇಳಿಜಾರಿನದು ಮುಂದಿನ ಭಾನುವಾರ,
ರೋಡ್ ಟೆಸ್ಟು ಯಾವಾಗಲೋ.
ಲೈಸೆನ್ಸಿನ ಮುಂದೆ ಅರ್ಧ ಗೀಟು ಎಳೆದೆ.

ಮನೆಗೆ ಬರುವಾಗ ಅವರ ಪಕ್ಕ ಕೂತು
ಪ್ರತಿ ರೌಂಡಬೌಟಿನಲ್ಲೂ ಇಲ್ಲದ ಬ್ರೇಕು ತುಳಿದೆ.
"ಮಧ್ಯಾಹ್ನಕ್ಕೆ ಎಂತ ಅಡುಗೆ?" ಕೇಳಿದರು.
ಪರ್ಸಿನಿಂದ ರಸೀದಿ ತೆಗೆದು
ಮೂರನೇ ಸಾಲು ತೋರಿಸಿದೆ.