ಹನ್ನೊಂದನೇ ಮಡಿ

ಸಮುದ್ರವನ್ನು ಆಚೆ ತಳ್ಳಿ ಪಡೆದ ನೆಲ ಇದು, ಡಿತ್ಮಾರ್ಷೆನ್.
ಏರಿಯ ಮೇಲೆ ಕುರಿ, ಏರಿಯ ಕೆಳಗೆ ಕೋಸು,
ನಡುವೆ ಗಾಳಿ, ಅದಕ್ಕೆ ಬದು ಗೊತ್ತಿಲ್ಲ.
ತ್ಯಾರ್ಕ್ ಬೆಳಗಿನ ಐದಕ್ಕೇ ಬಂದು
ಬೆರಳು ಒದ್ದೆ ಮಾಡಿ ಎತ್ತಿ ಹಿಡಿದ,
ಟ್ರ್ಯಾಕ್ಟರಿನಲ್ಲೇ ಕೂತು ಎರಡು ಲೋಟ ಕಾಫಿ ಕುಡಿದ,
ಗಾಳಿ ಇಳಿಯಲಿಲ್ಲ. ಮನೆಗೆ ಹೋದ.
ಮಾರನೆಯ ದಿನ ಸಿಂಪಡಿಸಿದ.

ನನ್ನ ಕೆಲಸ ಅಂಕ ಹಾಕುವುದು.
ಹನ್ನೆರಡು ಮಡಿ, ಮೊಣಕಾಲಿಗೊಂದು ಗೋಣಿತುಂಡು.
ಸೊನ್ನೆಯೆಂದರೆ ಸಸಿಗೆ ಏನೂ ಆಗಿಲ್ಲ,
ನೂರೆಂದರೆ ಸಸಿಯೇ ಇಲ್ಲ.
ನಾಟಿಗೆ ಮೊದಲು ಮಣ್ಣಿಗೆ ಬಿಟ್ಟದ್ದಕ್ಕೆ ಐದು.
ನಾಟಿಯಾದ ಮೇಲೆ ನೆತ್ತಿಗೇ ಸುರಿದದ್ದಕ್ಕೆ
ಹದಿನೈದೋ, ಇಪ್ಪತ್ತೋ;
ಅಂಚು ಬಿಳಿಚಿ ದೊನ್ನೆಯಂತೆ ಮುದುಡಿದ
ಒಂದೇ ಎಲೆಗೆ ಮೂರು ಸಲ ಬಗ್ಗಿದ್ದೇನೆ.

ಎಲೆಗೆ ಮೇಣದ ಕಳೆಯಿದ್ದರೆ ಹನಿ ಜಾರುತ್ತದೆ.
ಸಾಲಿಗೆ ಕಳೆಯಿದ್ದರೆ ಬೆನ್ನು ಬಾಗುತ್ತದೆ.
ಹುಲ್ಲನ್ನು ಕೊಲ್ಲುವುದು ಸುಲಭ, ಅದು ಬೇರೆ ಕುಲ.
ಕಾಡುಸಾಸಿವೆ ಹಾಗಲ್ಲ, ಕೋಸಿನ ದಾಯಾದಿ,
ಒಂದೇ ಅಜ್ಜಿಯ ಮೊಮ್ಮಕ್ಕಳು,
ಇಬ್ಬರ ಹೂವಿಗೂ ಅದೇ ಹಳದಿ, ಅವೇ ನಾಲ್ಕು ಎಸಳು.
ಇವನನ್ನು ಮುಟ್ಟದೆ ಅವನನ್ನು ಮುಗಿಸುವ ವಿಷ
ನಮ್ಮ ಕಪಾಟಿಗೆ ಇನ್ನೂ ಬಂದಿಲ್ಲ.

ಹನ್ನೊಂದನೇ ಮಡಿಗೆ ಔಷಧಿಯಿಲ್ಲ.
ಹೋಲಿಸಿ ನೋಡಲೆಂದು ಕೈಯಲ್ಲಿ ಕೀಳುವ ಮಡಿ,
ಅಲ್ಲಿ ವಿಯೋರಿಕಾ, ರುಮೇನಿಯಾದ ಬೊಟೊಶಾನಿಯವಳು,
ಗವಸು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದ್ದಳು.
"ಕೋಸು ನುಣುಪು, ಇದು ತರಿ,"
ಬುಡಕ್ಕೇ ಆತುಕೊಂಡ ಸಾಸಿವೆಯನ್ನು
ಪಕ್ಕದ ಬೇರು ಅಲುಗದಂತೆ
ಉಗುರಿನಲ್ಲಿ ಬಿಡಿಸುತ್ತಿದ್ದಳು,
ಮಲಗಿದ ಮಗುವಿನ ತಲೆಯ ಹೇನು ತೆಗೆದಂತೆ.

ಪಕ್ಕದ ಮಡಿಗೆ ನಿನ್ನೆಯಷ್ಟೇ ಎರಡನೇ ಸುತ್ತು ಬಿದ್ದಿತ್ತು.
ಗವಸು ಹಾಕಿಕೋ, ಎಂದೆ. ಡಬ್ಬಿಯ ಮೇಲಿನ ಚಿತ್ರ ತೋರಿಸಿದೆ.
ಹೇಳಬೇಕಾದದ್ದೇ ಅದು. ನಾಳೆಯೂ ಹೇಳುತ್ತೇನೆ.
ಬೆರಳುಗಳನ್ನೊಮ್ಮೆ ನೋಡಿಕೊಂಡು ಹಾಕಿಕೊಂಡಳು.
ಮೂರನೇ ಸಾಲಿನಲ್ಲಿ ಸಾಸಿವೆಯ ಜೊತೆ
ಕೋಸೂ ಕಿತ್ತು ಬಂತು,
ಬೇರಿಗೆ ಟ್ರೇಯ ಕಪ್ಪು ಮಣ್ಣು ಸಮೇತ.

ಮತ್ತೆ ಊರಿ, ಎರಡೂ ಕೈಯಲ್ಲಿ ಒತ್ತಿದಳು.
"ಬದುಕುತ್ತದಾ?"
"ಗೊತ್ತಿಲ್ಲ."

ಪಟ್ಟಿಯಲ್ಲಿ ಖಾನೆಗಳಿವೆ: ಕೀಟ, ಹಿಮ, ಮೊಲ, ಔಷಧಿ.
ಪೆನ್ಸಿಲು ಹಿಡಿದು ನಿಂತೆ.
ಗಾಳಿ ಹಾಳೆಯನ್ನು ಮಗುಚಿತು, ಹಿಂದಕ್ಕೆ ತಿರುಗಿಸಿ ಬರೆದೆ:
ಹನ್ನೊಂದು, ಒಂದು ಸಸಿ.
ಕಾರಣ ಎಂದಿದ್ದ ಕಡೆ ನನ್ನ ಹೆಸರು, ವೀಬ್ಕೆ.