ಮಿಕ್ಕ ಮೂರಕ್ಷರ

ಜುಲೈ ಕೊನೆಯ ದಿನ ಸಂಜೆ ಆರಕ್ಕೆ ಸಂತೆ ಮುಗಿಯುತ್ತದೆ.
ಆರೂ ಹತ್ತಕ್ಕೆ ನನ್ನ ಮೇಜಿನ ಮೇಲೆ ಅಂಗಿ ಬಂದು ಬಿತ್ತು:
ಸೊಲೊರ್ಝಾನೊ, ಹದಿನಾಲ್ಕು.
ಬೆವರಿನ್ನೂ ಆರಿರಲಿಲ್ಲ.

ಈರಿ ಸರೋವರದ ಗಾಳಿ ಈ ನೆಲಮಾಳಿಗೆಗೆ ಇಳಿಯುವುದಿಲ್ಲ.
ಇಳಿಯುವುದು ಒಗೆಯುವ ಯಂತ್ರಗಳ ಗುಡುಗುಡು,
ಒದ್ದೆ ಚರ್ಮದ ವಾಸನೆ,
ಮತ್ತೆ ಸೋಲು. ಸೋಲಿಗೆ ಮೆಟ್ಟಿಲು ಬೇಕಿಲ್ಲ,
ಸೂರಿನಿಂದಲೇ ತೊಟ್ಟಿಕ್ಕುತ್ತದೆ.
ಅರವತ್ತೆರಡು ಸಲ, ಈ ವರ್ಷ, ಇಲ್ಲಿಯವರೆಗೆ.

ಹೊಡೆಯಲು ಬಾರದವರೇನಲ್ಲ ನಮ್ಮ ಹುಡುಗರು.
ಏಳು ಓಟ ಗಳಿಸುತ್ತಾರೆ, ಎಂಟು ಕೊಟ್ಟು ಕೂರುತ್ತಾರೆ.
ಹಗಲೆಲ್ಲ ತುಂಬಿದ ಕಣಜಕ್ಕೆ
ಎಂಟನೇ ಇನ್ನಿಂಗ್ಸಿನಲ್ಲಿ ಹೆಗ್ಗಣ.
ಎಸೆಯುವವರಿಲ್ಲ, ಅಷ್ಟೆ.
ಇರುವ ಇಬ್ಬರು ಪಿಚರುಗಳಲ್ಲಿ
ಒಬ್ಬನ ಮೊಣಕೈ ಈ ಕೋಣೆಯ ಯಾವ ಬಟ್ಟೆಗಿಂತಲೂ
ಹೆಚ್ಚು ಹೊಲಿಗೆ ಕಂಡಿದೆ;
ಇನ್ನೊಬ್ಬನಿಗೆ ಜನ ಎದ್ದು ನಿಂತರೆ ಸಾಕು,
ಬೆರಳು ಮರಗಟ್ಟುತ್ತದೆ.

ಹೋದ ಗುರುವಾರ ಪ್ರೂಯಿಟ್ ಸಾಹೇಬರು ಕೆಳಗೆ ಬಂದಿದ್ದರು,
ಕೋಟಿನ ಗುಂಡಿ ಅಂಗೈಯಲ್ಲಿ ಹಿಡಿದು.
ಯಾರನ್ನು ಮಾರಬೇಕು, ಯಾರನ್ನು ತರಬೇಕು
ಎಂಬುದೆಲ್ಲ ಆ ತಲೆಯಲ್ಲೇ ನಡೆಯುವುದು.
ಗುಂಡಿ ಬರೀ ನೆಪ, ಗೊತ್ತಾಯಿತು ನನಗೆ,
ಹರಿದಿರಲಿಲ್ಲ, ಕಿತ್ತಿದ್ದರು.
"ಇಲ್ಕಾ, ನೀನಾಗಿದ್ದರೆ ಏನು ಮಾಡುತ್ತಿದ್ದೆ?"
ಮೂವತ್ತೊಂದು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.
ದಾರ ಕಚ್ಚಿಕೊಂಡೇ ಹೇಳಿದೆ:
ಬೆನ್ನು ಹರಿದಿದೆಯೆಂದು ತೋಳು ಕತ್ತರಿಸಿ
ತೇಪೆ ಹಾಕಬಾರದು, ಸಾರ್.
"ನನಗೆ ಬೇಕಾಗಿರುವುದೇ ತೋಳು," ಅಂದರು.
ನಗಲಿಲ್ಲ.

ಮರಾಕೈಬೊದ ಆ ಹುಡುಗ,
ನೆಲ ಕಚ್ಚಿ ಬರುವ ಚೆಂಡು
ಕರು ಕೊಟ್ಟಿಗೆಗೆ ಬಂದಂತೆ ಬರುತ್ತಿತ್ತು ಅವನ ಗ್ಲವ್ಸಿಗೆ.
ಭಾನುವಾರ ಭಾನುವಾರ ಇಲ್ಲಿಗೆ ಬಂದು
ಪ್ಯಾಂಟಿನ ಅಂಚು ಅರ್ಧ ಇಂಚು ಮೇಲೇರಿಸು ಎನ್ನುವುದು,
ಮುಂದಿನ ಭಾನುವಾರ ಇಳಿಸು ಎನ್ನುವುದು.
ಇವತ್ತು ಬಾಗಿಲಲ್ಲೇ ನಿಂತ.
ಅಪ್ಪಿಕೊಳ್ಳುತ್ತಾನೇನೋ ಅಂದುಕೊಂಡೆ, ಇಲ್ಲ:
"ಎರಡನೇ ಬೇಸಿನ ಎಡಕ್ಕೆ, ಆರು ಹೆಜ್ಜೆಗೆ
ನೆಲ ಚೂರು ಉಬ್ಬಿದೆ, ಚೆಂಡು ಪುಟಿಯುತ್ತೆ.
ಮುಂದೆ ನಿಲ್ಲುವವನಿಗೆ ಹೇಳಿಬಿಡಿ."

ಹೊಸ ಬಟ್ಟೆಯ ಥಾನು ಸೋಮವಾರ ಬರುವುದು.
ಪಿಚರ್ ನಾಳೆಯೇ ಬರುತ್ತಾನೆ.
ಎದೆಯಳತೆ ಒಂದೇ; ಇದನ್ನೇ ಬಿಚ್ಚು ಎಂದರು ಮೇಲಿನವರು.
ಕುಡುಗೋಲಿನಂಥ ಪುಟ್ಟ ಕೊಕ್ಕೆ, ಎಳೆಯ ಮೇಲೆ ಎಳೆ,
ಹೊಲಿದ ಕೈಯೇ ಬಿಚ್ಚಿದರೆ ಬೇಗ ಆಗುತ್ತದೆ,
ಗಂಟು ಎಲ್ಲಿದೆಯೆಂದು ಅದಕ್ಕೆ ನೆನಪಿರುತ್ತದೆ.
ಒಂಬತ್ತು ಅಕ್ಷರ ಸಾಲಾಗಿ ಮೇಜಿನ ಮೇಲೆ.
ಆಮೇಲೆ ಹೊಸ ಹೆಸರಿನ ಚೀಟಿ ನೋಡಿದೆ:
ಲಾರ್ಸನ್.

ಎಲ್ ಇತ್ತು. ಎ ಇತ್ತು. ಆರ್, ಎಸ್, ಓ, ಎನ್.
ಹೊರಗಿನಿಂದ ಒಂದಕ್ಷರ ತರಬೇಕಾಗಲಿಲ್ಲ.
ಸುಮ್ಮನೆ ಕೂತೆ ಸ್ವಲ್ಪ ಹೊತ್ತು.
ಒಬ್ಬನ ಒಳಗೆ ಇನ್ನೊಬ್ಬ
ಇಷ್ಟು ದಿನ ಮೈ ಮುದುಡಿ ಕೂತಿದ್ದನೇ?
ಅಥವಾ ಪ್ರೂಯಿಟ್ ಸಾಹೇಬರಿಗೆ ಬುದ್ಧಿಯ ಬದಲು
ಅದೃಷ್ಟವಾದರೂ ಇದೆಯೇ?

ಹೊಲಿದು ಮುಗಿಸಿ ಇಸ್ತ್ರಿ ಎಳೆದೆ.
ಬಿಸಿಲು ತಾಗದ ಬಟ್ಟೆ ಗಾಢವಾಗಿ ಉಳಿದು
ಹೊಸ ಹೆಸರಿನ ಆಚೀಚೆ ಹಳೆಯದರ ನೆರಳು.
ಗ್ಯಾಲರಿಯಿಂದ ಕಾಣಲಾರದು.
ಮಿಕ್ಕ ಮೂರಕ್ಷರ ಏಪ್ರನ್ನಿನ ಜೇಬಿಗೆ:
ಒಂದು ಝೆಡ್, ಎರಡು ಓ.

ಮರುದಿನ ಸಂಜೆ, ತಲೆಯ ಮೇಲೆ ಇಪ್ಪತ್ತು ಸಾವಿರ ಕಾಲು.
ರೇಡಿಯೋ ಸಣ್ಣಗೆ ಹಾಕಿಕೊಂಡು
ಸಾಕ್ಸುಗಳನ್ನು ಜೋಡಿ ಮಾಡುತ್ತಿದ್ದೇನೆ.
ಮೊದಲ ಇನ್ನಿಂಗ್ಸ್, ಲಾರ್ಸನ್ ಕೊಟ್ಟದ್ದು ಸೊನ್ನೆ.
ಜೇಬಿನಿಂದ ಒಂದು ಓ ತೆಗೆದು ಮೇಜಿನ ಮೇಲಿಟ್ಟೆ.
ಎರಡನೆಯದು, ಸೊನ್ನೆ.
ಇನ್ನೊಂದು ಓ.

ಮೂರನೆಯದು ಶುರುವಾಗುತ್ತಿದೆ.
ಜೇಬಿಗೆ ಕೈ ಹಾಕಿದರೆ
ಚೂಪು ಮೂಲೆಯ ಝೆಡ್ ಒಂದೇ.